ಗಂಟು ಕಲಿಸುವುದು ಮೇಷ್ಟ್ರ ಕೆಲಸವಲ್ಲ

ಮಧುಗಿರಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಸ್ಕೌಟ್ ದಳದ ಜವಾಬ್ದಾರಿಯೂ ನನ್ನದೇ. ಹುಡುಗಿಯರ ಗೈಡ್ಸ್ ಕಡೆಯನ್ನು ನಮ್ಮ ಕನ್ನಡ ಮೇಡಂ ನೋಡಿಕೊಳ್ಳುತ್ತಾರೆ. ಹೊಸದಾಗಿ ಸ್ಕೌಟ್ ಮಾಸ್ಟರ್ ಆದವರು ಫೋನ್ ಮಾಡಿದರೆ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ಸರ್, ಶನಿವಾರ ಮಕ್ಕಳಿಗೆ ಏನು ಹೇಳಿಕೊಡೋದು?" ನನ್ನ ಉತ್ತರ ಅವರಿಗೆ ಅಷ್ಟಾಗಿ ರುಚಿಸುವುದಿಲ್ಲ. ಮಕ್ಕಳಿಗೆ ಏನೂ ಹೇಳಿಕೊಡಬೇಡಿ. ಪೆಟ್ರೋಲ್ ಲೀಡರುಗಳಿಗೆ, ಅಂದರೆ ದಳದೊಳಗಿನ ಸಣ್ಣ ಗುಂಪುಗಳ ನಾಯಕರಿಗೆ ಹೇಳಿಕೊಡಿ, ಸಾಕು.

ಇದು ನಾನು ಕಂಡುಹಿಡಿದದ್ದೇನಲ್ಲ. 1907ರಲ್ಲಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು ಇಪ್ಪತ್ತು ಹುಡುಗರನ್ನು ಕರೆದುಕೊಂಡು ಹೋದಾಗಲೂ ಮೊದಲು ಮಾಡಿದ್ದು ಅವರನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೂ ಒಬ್ಬ ನಾಯಕನನ್ನು ಇಟ್ಟಿದ್ದು. ಈಗಿನ ಪೆಟ್ರೋಲ್ ಅಂದರೆ ಆರೆಂಟು ಜನರ ಗುಂಪು, ಅದಕ್ಕೊಂದು ಪ್ರಾಣಿಯ ಹೆಸರು, ಅದಕ್ಕೊಬ್ಬ ಲೀಡರ್. ಇಡೀ ಸ್ಕೌಟಿಂಗ್ ನಿಂತಿರುವುದೇ ಇದರ ಮೇಲೆ. ಆದರೆ ನಮ್ಮ ಶಾಲೆಗಳಲ್ಲಿ ಆಗುವುದೇ ಬೇರೆ. ಮೂವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೇಷ್ಟ್ರು ಮುಂದೆ ನಿಂತು ಗಂಟು ಹಾಕಿ ತೋರಿಸುತ್ತಾರೆ. ಹಿಂದಿನ ಸಾಲಿನವನಿಗೆ ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ. ಅದು ಇನ್ನೊಂದು ಪೀರಿಯಡ್ ಆಯಿತು, ಅಷ್ಟೇ.

ನಮ್ಮಲ್ಲಿ ಗುರುವಾರ ಸಂಜೆ ಶಾಲೆ ಬಿಟ್ಟ ಮೇಲೆ ನಾಲ್ಕೂ ಪೆಟ್ರೋಲ್‌ಗಳ ಲೀಡರುಗಳು ಉಳಿಯುತ್ತಾರೆ. ಶನಿವಾರ ಏನು ನಡೆಯಬೇಕೋ ಅದನ್ನು ಅವರು ಅವತ್ತೇ ಕಲಿತುಕೊಳ್ಳುತ್ತಾರೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಧ್ವಜ, ಪ್ರಾರ್ಥನೆ, ತಪಾಸಣೆ ಆಗುತ್ತದೆ. ಆಮೇಲೆ ಪ್ರತಿ ಪೆಟ್ರೋಲ್ ತನ್ನ ತನ್ನ ಮೂಲೆಗೆ ಹೋಗುತ್ತದೆ. ನವಿಲು ಹೊಂಗೆ ಮರದ ಕೆಳಗೆ, ಕರಡಿ ಸೈಕಲ್ ನಿಲ್ಲಿಸುವ ಕಡೆ, ಹೀಗೆ. (ಎಲ್ಲರಿಗೂ ಹುಲಿಯೇ ಬೇಕಿತ್ತು. ಕೊನೆಗೆ ಚೀಟಿ ಎತ್ತಿದೆವು. ನಮ್ಮ ಸುತ್ತಿನ ಬೆಟ್ಟಗಳಲ್ಲಿ ಇರುವುದು ಕರಡಿಯೇ ಅಂತ ಹೇಳಿ ಸೋತವರನ್ನು ಸಮಾಧಾನ ಮಾಡಿದೆ.) ನಾನು ಸುಮ್ನೆ ಓಡಾಡುತ್ತಾ ಇರುತ್ತೇನೆ. ಕೈ ಕಟ್ಟಿಕೊಂಡು ನಿಲ್ಲುವುದೂ ಅಭ್ಯಾಸ ಆಗಬೇಕಾದ ಕೆಲಸವೇ. ಯಾವನೋ ತಪ್ಪು ಗಂಟು ಹಾಕುತ್ತಿದ್ದರೆ ಬಾಯಿ ತುರಿಸುತ್ತದೆ. ಆದರೂ ಅವನ ಲೀಡರಿಗೆ ಹೇಳಬೇಕೇ ಹೊರತು ಅವನಿಗಲ್ಲ.

ಲೀಡರ್ ಯಾರಾಗಬೇಕು ಅನ್ನುವುದರಲ್ಲೇ ಅರ್ಧ ಗೆಲುವಿದೆ. ತರಗತಿಯಲ್ಲಿ ಮೊದಲ ರ್‍ಯಾಂಕ್ ಬರುವ ಹುಡುಗನನ್ನೇ ಮಾಡಿ ಅಂತ ಶಿಕ್ಷಕರ ಕೊಠಡಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಮೊದಲು ಪೆಟ್ರೋಲ್‌ನ ಹುಡುಗರನ್ನೇ ಕೇಳುತ್ತೇನೆ. ಒಂದು ಬ್ಯಾಚಿನಲ್ಲಿ ಅವರು ತೋರಿಸಿದ್ದು ಮನೆಯಲ್ಲಿ ಆಡು ಸಾಕಿದ್ದ ಹುಡುಗನನ್ನು. ಓದಿನಲ್ಲಿ ಹಿಂದೆ, ಮಾತು ಕಡಿಮೆ. ಗುರುವಾರ ಕಂಬಕ್ಕೆ ಹಗ್ಗ ಕಟ್ಟುವ ಕ್ಲೋವ್ ಹಿಚ್ ಗಂಟು ತೋರಿಸೋಣ ಅಂತ ನಾನು ಹಗ್ಗ ತೆಗೆದೆ. ಎರಡನೇ ಸುತ್ತು ಹಾಕುವ ಮುಂಚೆಯೇ ಅವನು, "ಸಾ, ಇದು ಆಡು ಕಟ್ಟೋ ಗಂಟಲ್ವಾ?" ಅಂದ. ನನ್ನ ಕೈಯಿಂದ ಹಗ್ಗ ತಗೊಂಡು, ಕಂಬದ ಕಡೆ ನೋಡದೆಯೇ, ಒಂದೇ ಕೈಯಲ್ಲಿ ಹಾಕಿ ತೋರಿಸಿದ. ಆಡು ಜಗ್ಗುತ್ತಿರುವಾಗ ಇನ್ನೊಂದು ಕೈ ಅದರ ಕೊರಳಲ್ಲಿ ಇರಬೇಕಲ್ಲ! ಅವತ್ತಿನಿಂದ ನಮ್ಮ ದಳದಲ್ಲಿ ಕ್ಲೋವ್ ಹಿಚ್ ಅನ್ನು ಒಂದು ಕೈಯಲ್ಲೇ ಹಾಕಬೇಕು. ಕೋಲುಗಳನ್ನು ಅಡ್ಡಡ್ಡ ಕಟ್ಟುವ ಸ್ಕ್ವೇರ್ ಲ್ಯಾಶಿಂಗ್ ಶುರುವಾಗುವುದೂ ಇದೇ ಗಂಟಿನಿಂದ, ಮುಗಿಯುವುದೂ ಇದರಿಂದಲೇ. ಹಾಗಾಗಿ ಮುಂದೆ ಗೇಟು, ಮೇಜು, ಚಪ್ಪಲಿ ಸ್ಟ್ಯಾಂಡು ಕಟ್ಟುವಾಗ ಬೇರೆ ಪೆಟ್ರೋಲ್‌ನವರೂ ಅವನ ಹತ್ತಿರವೇ ಬರುತ್ತಿದ್ದರು.

ಬೋಲೈನ್ ಮಾತ್ರ ನಮ್ಮ ಹುಡುಗರಿಗೆ ಹೊಸದು. ಎಷ್ಟು ಎಳೆದರೂ ಬಿಗಿಯಾಗದ ಕುಣಿಕೆ ಅದು. ಯಾಕೆ ಬೇಕು ಅಂತ ಕೇಳಿದರೆ ಪುಸ್ತಕ ಓದುವುದಿಲ್ಲ. ಊರಿನ ಹಳೇ ಬಾವಿಯ ಹತ್ತಿರ ಕರೆದುಕೊಂಡು ಹೋಗಿ, ನೀರಿಗೆ ಬಿದ್ದವನನ್ನು ಜೀರುಗುಣಿಕೆ ಹಾಕಿ ಎಳೆದರೆ ಏನಾಗುತ್ತೆ ಅಂತ ಕೇಳುತ್ತೇನೆ. ಆಮೇಲೆ ಯಾರೂ ಮರೆಯುವುದಿಲ್ಲ.

ಇನ್ನು ಸೋಪಾನಗಳ, ಅಂದರೆ ಸ್ಕೌಟ್ ಒಂದೊಂದಾಗಿ ಏರಬೇಕಾದ ಹಂತಗಳ ವಿಷಯ. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದರಿಂದ ಇನ್ನೊಂದಕ್ಕೆ ಹೋಗಲು ತಿಂಗಳುಗಟ್ಟಲೆ ಕಾಯಲೇಬೇಕು, ಓಡಿ ಮುಗಿಸುವಂತಿಲ್ಲ. ಪ್ರೌಢಶಾಲೆಯ ಮೇಷ್ಟ್ರಿಗೆ ನಿಜವಾದ ತಲೆನೋವು ಇದೇ. ಎಂಟನೇ ಕ್ಲಾಸಿಗೆ ಸೇರಿದ ಹುಡುಗ ನಮ್ಮ ಹತ್ತಿರ ಇರುವುದು ಮೂರೇ ವರ್ಷ. ಅದರಲ್ಲಿ ಹತ್ತನೇ ಕ್ಲಾಸು ಅಂದರೆ ಎಸ್ಸೆಸ್ಸೆಲ್ಸಿ. ದಸರಾ ರಜೆ ಮುಗಿಯುತ್ತಿದ್ದಂತೆ ಅಪ್ಪಂದಿರು ಬಂದು, "ಸ್ಕೌಟು ಗೀಟು ಸಾಕು ಸಾರ್, ಇವನು ಓದ್ಲಿ" ಅನ್ನುತ್ತಾರೆ. ಅವರದ್ದು ತಪ್ಪೂ ಅಲ್ಲ. ಅದಕ್ಕೇ ನಾನು ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿಯನ್ನು ಒಪ್ಪಿಸಿ ಆರನೇ ಕ್ಲಾಸಿನಿಂದಲೇ ಮಕ್ಕಳನ್ನು ಸೇರಿಸಿಕೊಳ್ಳಲು ಶುರು ಮಾಡಿದೆ. ಹತ್ತು ವರ್ಷ ತುಂಬಿದವರು ಸ್ಕೌಟ್ ಆಗಬಹುದು. ಆರರಲ್ಲಿ ಪ್ರವೇಶ ಮುಗಿಸಿದವನು ಒಂಬತ್ತು ದಾಟುವ ಹೊತ್ತಿಗೆ ರಾಜ್ಯ ಪುರಸ್ಕಾರಕ್ಕೆ ಉಸಿರು ಕಟ್ಟದೆ ತಯಾರಾಗಬಹುದು.

ರೈಲ್ವೆಯಲ್ಲಿ ಸ್ಕೌಟ್ಸ್ ಕೋಟಾ ಇದೆ ಅಂತ ಕೇಳಿಸಿಕೊಂಡು ಬರುವವರೂ ಇದ್ದಾರೆ. ಇರುವುದು ನಿಜ, ಆದರೆ ಅದಕ್ಕೆ ರಾಷ್ಟ್ರಪತಿ ಮಟ್ಟದ ಅರ್ಹತೆ ಕೇಳುತ್ತಾರೆ. ಅದೊಂದನ್ನೇ ನಂಬಿ ಮಗನನ್ನು ಸೇರಿಸಬೇಡಿ ಅಂತ ನೇರವಾಗಿ ಹೇಳಿಬಿಡುತ್ತೇನೆ.

ಹುಡುಗ ಏನೇನು ಕಲಿತ ಅಂತ ಗುರುತು ಮಾಡುವ ಕಾರ್ಡಿಗೆ ಸಹಿ ಹಾಕುವುದರಲ್ಲಿ ನನ್ನದು ಸ್ವಲ್ಪ ಬಿಗಿ. ಸೋಪಾನದ ಪರೀಕ್ಷೆ ನಡೆಯುವ ಶಿಬಿರಕ್ಕೆ ಹೋಗುವ ಹಿಂದಿನ ದಿನ ಇಡೀ ಗುಂಪಿಗೆ ಒಟ್ಟಿಗೆ ಸಹಿ ಹಾಕಿ ಕಳಿಸುವುದನ್ನು ನೋಡಿದ್ದೇನೆ. ಅಲ್ಲಿ ಪರೀಕ್ಷಕರು ಹಗ್ಗ ಕೈಗೆ ಕೊಟ್ಟ ತಕ್ಷಣ ಬಣ್ಣ ಬಯಲಾಗುತ್ತದೆ, ಪಾಪ, ಅವಮಾನ ಆಗುವುದು ಹುಡುಗನಿಗೆ. ನಮ್ಮಲ್ಲಿ ಕಲಿಸುವುದು ತನ್ನ ಪೆಟ್ರೋಲ್ ಲೀಡರ್. ಪರೀಕ್ಷೆ ಮಾಡುವುದು ಬೇರೆ ಪೆಟ್ರೋಲ್‌ನ ಲೀಡರ್. ಅವನು ಸೈ ಅಂದ ಮೇಲೆ ನನ್ನ ಹತ್ತಿರ ಬರಬೇಕು. ಹುಲಿಯ ಹುಡುಗನನ್ನು ಕರಡಿಯ ಲೀಡರ್ ಪರೀಕ್ಷೆ ಮಾಡುವಾಗ ನೋಡಬೇಕು, ನನಗಿಂತ ಅವರೇ ಕಟ್ಟುನಿಟ್ಟು!

ಬೆಂಕಿ ಹೊತ್ತಿಸುವುದನ್ನೇ ತಗೊಳ್ಳಿ. ಬಯಲಲ್ಲಿ ಸೌದೆ ಒಲೆ, ಎರಡೇ ಬೆಂಕಿಕಡ್ಡಿ. ಸೀಮೆಎಣ್ಣೆ, ಕಾಗದ ಮುಟ್ಟುವಂತಿಲ್ಲ. ನಮ್ಮದು ತೆಂಗಿನ ಸೀಮೆ, ಹಾಗಾಗಿ ಒಣಗಿದ ನಾರಿಗೆ ಬರವಿಲ್ಲ. ನಾರನ್ನು ಅಂಗೈಯಲ್ಲಿ ಉಜ್ಜಿ ಹತ್ತಿಯ ಹಾಗೆ ಬಿಡಿಸಿ, ಮೇಲೆ ಪೊರಕೆ ಕಡ್ಡಿಯಷ್ಟು ಸಣ್ಣ ಪುಳ್ಳೆ, ಆಮೇಲೆ ಬೆರಳು ಗಾತ್ರದ್ದು, ಆಮೇಲೆ ಸೌದೆ. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು. ಅವಸರದ ಹುಡುಗರು ಮೊದಲೇ ದಪ್ಪ ಸೌದೆ ಹೇರಿ ಬೆಂಕಿಯ ಉಸಿರು ಕಟ್ಟಿಸುತ್ತಾರೆ. ಎರಡೂ ಕಡ್ಡಿ ಖರ್ಚಾದರೆ ಮುಂದಿನ ಶನಿವಾರ ಬಾ.

ಅಡುಗೆಯಲ್ಲಿ ಬಂದ ಒಂದು ಜಗಳ ದೊಡ್ಡದಾಗಿ ಕೋರ್ಟ್ ಆಫ್ ಆನರ್‌ವರೆಗೂ ಹೋಯಿತು. ಇದು ಲೀಡರುಗಳೇ ಕೂತು ದಳದ ವಿಚಾರ ತೀರ್ಮಾನ ಮಾಡುವ ಸಭೆ, ಸ್ಕೌಟ್ ಮಾಸ್ಟರ್ ಸಲಹೆ ಕೊಡಲು ಮಾತ್ರ. ಸಿದ್ಧರಬೆಟ್ಟಕ್ಕೆ ಹೈಕ್ ಹೋಗಿ ಬಂದ ಮೇಲೆ ಶಾಲೆಯ ಎರಡು ಪಾತ್ರೆ ಮಸಿ ಹಿಡಿದು ಕರ್ರಗೆ ವಾಪಸ್ ಬಂದಿದ್ದವು. ಬಿಸಿಯೂಟದ ಅಕ್ಕ ಗರಂ ಆಗಿದ್ದರು. ಯಾವ ಪೆಟ್ರೋಲ್ ತೊಳೆಯಬೇಕಿತ್ತು ಅಂತ ಒಬ್ಬರ ಮೇಲೊಬ್ಬರು ಹೇಳಿದ್ದೇ ಹೇಳಿದ್ದು. ನಾನು ಮಧ್ಯೆ ಬಾಯಿ ಹಾಕಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು, ಕಲಿಯುವುದೂ ಅಷ್ಟೇ ಇರುತ್ತಿತ್ತು. ಅವರು ಕತ್ತಲಾಗುವವರೆಗೂ ಮಾತಾಡಿ ಎರಡು ಕಟ್ಟಳೆ ಮಾಡಿದರು. ಒಂದು, ಪ್ರತಿ ಪೆಟ್ರೋಲ್‌ನ ಪಾತ್ರೆಯನ್ನು ಇನ್ನೊಂದು ಪೆಟ್ರೋಲ್ ನೋಡಿ ಒಪ್ಪಬೇಕು. ಎರಡು, ಒಲೆಗೆ ಇಡುವ ಮುಂಚೆ ಪಾತ್ರೆಯ ತಳಕ್ಕೆ ಹೊರಗಿನಿಂದ ಬೂದಿ ಕಲಸಿ ಬಳಿಯಬೇಕು. ಎರಡನೆಯದು ನವಿಲು ಪೆಟ್ರೋಲ್ ಲೀಡರಿಗೆ ಅವರಮ್ಮ ಹೇಳಿಕೊಟ್ಟಿದ್ದು. ಮಸಿಯೆಲ್ಲ ಬೂದಿಗೆ ಅಂಟಿಕೊಂಡು, ನೀರು ಹಾಕಿ ಒರೆಸಿದರೆ ಹೋಗುತ್ತದೆ. ಬಿಸಿಯೂಟದ ಅಕ್ಕನಿಗೆ ಕ್ಷಮೆ ಕೇಳಲು ನಾಲ್ಕೂ ಜನ ಹೋದರು. ನನ್ನನ್ನು ಕರೆಯಲಿಲ್ಲ.

ಸೇವೆಗೆ ನಮಗೆ ದಂಡಿನ ಮಾರಮ್ಮನ ಜಾತ್ರೆ ಇದೆ. ಕುಡಿಯುವ ನೀರು, ಸಾಲು ನಿಲ್ಲಿಸುವುದು, ಮುದುಕರನ್ನು ಕೈ ಹಿಡಿದು ದಾಟಿಸುವುದು, ಇಷ್ಟೇ ಕೆಲಸ. ಆದರೆ ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿದ ಮಗು ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಅದನ್ನು ಏನು ಮಾಡಬೇಕು ಅಂತ ಲೀಡರುಗಳು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಮಗು ಸಿಕ್ಕ ಜಾಗದಲ್ಲಿ ಒಬ್ಬ ನಿಲ್ಲಬೇಕು, ಇಬ್ಬರು ಮಗುವನ್ನು ಮೈಕಿನ ಹತ್ತಿರ ಒಯ್ಯಬೇಕು, ಒಬ್ಬ ಪೊಲೀಸರಿಗೆ ಹೇಳಬೇಕು. ಅಮ್ಮ ಹುಡುಕಿಕೊಂಡು ಮೊದಲು ಬರುವುದು ಕೈ ತಪ್ಪಿದ ಜಾಗಕ್ಕೇ, ಅದಕ್ಕೆ ಅಲ್ಲೊಬ್ಬ.

2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ (ಸ್ಕೌಟ್, ಗೈಡ್ಸ್‌ಗಳ ದೊಡ್ಡ ಮೇಳ) ನಡೆದಾಗ ಕೆಲವರನ್ನು ಕರೆದುಕೊಂಡು ಹೋಗಿದ್ದೆ. ಅಷ್ಟು ಜನರ ನಡುವೆ ನಮ್ಮ ಹುಡುಗರು ಮೊದಲು ಬೆಪ್ಪಾದರು, ಆಮೇಲೆ ಸ್ಕಾರ್ಫ್, ಬ್ಯಾಡ್ಜ್ ಬದಲಾಯಿಸಿಕೊಳ್ಳುವ ವ್ಯಾಪಾರಕ್ಕೆ ಇಳಿದರು. ಜಾಂಬೂರಿಯಿಂದ ಹುರುಪು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಶನಿವಾರಗಳು ನೆಟ್ಟಗಿಲ್ಲದ ದಳಕ್ಕೆ ಆ ಹುರುಪು ತಿಂಗಳೊಪ್ಪತ್ತು ಮಾತ್ರ.

ದಳ ಶುರು ಮಾಡಬೇಕು ಅನ್ನುವವರು ಮೊದಲು ಸ್ಕೌಟ್ ಮಾಸ್ಟರುಗಳ ಏಳು ದಿನದ ಬೇಸಿಕ್ ಕೋರ್ಸ್ ಮುಗಿಸಿ. ನಮ್ಮ ಕಡೆಯವರಿಗೆ ದೊಡ್ಡಬಳ್ಳಾಪುರದ ತರಬೇತಿ ಕೇಂದ್ರ ಹತ್ತಿರ, ಮಧ್ಯ ಕರ್ನಾಟಕದವರಿಗೆ ದಾವಣಗೆರೆ ಬಳಿಯ ಕೊಂಡಜ್ಜಿ. ಸಮವಸ್ತ್ರದ ಖರ್ಚು ಬಡ ಮನೆಯವರಿಗೆ ಭಾರ. ನಮ್ಮಲ್ಲಿ ಹತ್ತನೇ ಕ್ಲಾಸು ಮುಗಿಸಿ ಹೋಗುವವರು ಬಟ್ಟೆ, ಬೆಲ್ಟು, ಟೋಪಿ ದಳಕ್ಕೇ ಬಿಟ್ಟು ಹೋಗುತ್ತಾರೆ. ಸ್ಕಾರ್ಫ್ ಮಾತ್ರ ಅವರ ಹತ್ತಿರವೇ ಇರುತ್ತದೆ. ಈ ಲೆಕ್ಕದ ಪುಸ್ತಕ, ಬೀರುವಿನ ಬೀಗದ ಕೈ ಎರಡೂ ಇರುವುದು ಲೀಡರುಗಳ ಹತ್ತಿರ. ನನಗೆ ಹಗ್ಗ ಬೇಕಾದರೂ ಅವರನ್ನೇ ಕೇಳಿ, ಪುಸ್ತಕದಲ್ಲಿ ಸಹಿ ಹಾಕಿ ತಗೊಳ್ಳಬೇಕು.