ಅದಕ್ಕೆ ಐದು ನಿಮಿಷ ಮೊದಲು

1998, ನಾನು ಮುಂಬಯಿಗೆ ಬಂದ ಹೊಸತು. ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನೈಟ್ ಡ್ಯೂಟಿ. ಎಂಬತ್ತು ದಾಟಿದ ಒಬ್ಬ ಅಜ್ಜ ಮತ್ತೆ ಮತ್ತೆ ಹೊದಿಕೆ ಕಿತ್ತು ಎಸೆದು, ಪೈಜಾಮ ಜಾರಿಸಿ, ಕೈಯನ್ನು ಅಲ್ಲಿಗೇ ಒಯ್ಯುತ್ತಿದ್ದರು. ಪಕ್ಕದ ಮಂಚದವರು ನಕ್ಕರು, ವಾರ್ಡ್‌ಬಾಯ್ ಬೈದ. ನನಗಾಗ ಇಪ್ಪತ್ತಮೂರು ವರ್ಷ. ಸಿಟ್ಟೋ ನಾಚಿಕೆಯೋ ಗೊತ್ತಾಗಲಿಲ್ಲ, ಬ್ಯಾಂಡೇಜಿನಿಂದ ಅವರ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿಬಿಟ್ಟೆ. ಬೆಳಿಗ್ಗೆ ಬಂದ ಹಿರಿಯ ಸಿಸ್ಟರ್ ಅಜ್ಜನ ಕಿಬ್ಬೊಟ್ಟೆ ಮುಟ್ಟಿ ನೋಡಿದರು. ಕಲ್ಲಿನ ಹಾಗಿತ್ತು. ಮೂತ್ರ ಇಳಿಯಲು ಹಾಕಿದ್ದ ನಳಿಗೆ, ಕ್ಯಾಥೆಟರ್, ಮುಚ್ಚಿಹೋಗಿ ರಾತ್ರಿಯಿಡೀ ಮೂತ್ರ ಇಳಿದಿರಲಿಲ್ಲ. ನಳಿಗೆ ಬದಲಿಸಿದ ಹತ್ತು ನಿಮಿಷಕ್ಕೆ ಅಜ್ಜ ನಿದ್ದೆಹೋದರು. ಚೀಲ ಖಾಲಿ ಇದ್ದದ್ದನ್ನು ಚಾರ್ಟಿನಲ್ಲಿ ನಾನೇ ಬರೆದಿದ್ದೆ. ಅಜ್ಜ ‘ಕೆಟ್ಟದಾಗಿ ಆಡುತ್ತಾರೆ’ ಅಂತಲೂ ನಾನೇ ಬರೆದಿದ್ದೆ. ಎರಡೂ ಒಂದೇ ಪುಟದಲ್ಲಿದ್ದವು.

ಈಗ ಹಲವು ವರ್ಷಗಳಿಂದ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನೂ ಮರೆವಿನ ಕಾಯಿಲೆಯವರನ್ನೂ ನೋಡಿಕೊಳ್ಳುತ್ತೇನೆ, ನೋಡಿಕೊಳ್ಳುವವರಿಗೆ ಕಲಿಸುತ್ತೇನೆ. ಈ ಕಾಯಿಲೆ ಅಪರೂಪದ್ದಲ್ಲ. ನಮ್ಮ ದೇಶದಲ್ಲಿ ಅರುವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಮರೆವಿನ ಬಗ್ಗೆ ಮನೆಯವರು ಮಾತಾಡುತ್ತಾರೆ. ಕಾಯಿಲೆಯವರ ಲೈಂಗಿಕ ನಡತೆಯ ಬಗ್ಗೆ ಮಾತ್ರ ನಾನು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲ ಹತ್ತಿರ ಬಂದು, ದನಿ ತಗ್ಗಿಸಿ, “ಸಿಸ್ಟರ್, ಇನ್ನೊಂದು ವಿಷಯ...” ಅನ್ನುತ್ತಾರೆ.

ಡೊಂಬಿವಲಿಯ ಆ ಮನೆಯಲ್ಲೂ ಸೊಸೆ ಹಾಗೇ ಬಾಗಿಲಿಗೆ ಬಂದಳು. ಅಜ್ಜ ಕುಂದಾಪುರದ ಕಡೆಯವರು, ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಎರಡು ತಿಂಗಳಲ್ಲಿ ಮೂವರು ಮಾವಶಿಯರು, ಅಂದರೆ ಮನೆಗೆ ಬಂದು ನೋಡಿಕೊಳ್ಳುವ ಆಯಾಗಳು, ಕೆಲಸ ಬಿಟ್ಟಿದ್ದರು. ಮೈ ಒರೆಸುವಾಗ ಅಜ್ಜ ಅವರ ಎದೆಗೆ ಕೈ ಹಾಕುತ್ತಾರೆ, ಹಾಸಿಗೆಗೆ ಎಳೆಯುತ್ತಾರೆ. ಮಗ ನನ್ನ ಮುಖ ನೋಡದೆ, “ಅಪ್ಪ ಜೀವಮಾನದಲ್ಲಿ ಒಬ್ಬ ಹೆಂಗಸಿನ ಕಡೆ ಕಣ್ಣೆತ್ತಿ ನೋಡಿದವರಲ್ಲ” ಎಂದ. ಮಾವಶಿಯರನ್ನು ಕಳಿಸುವ ಬ್ಯೂರೋದವರು, ಹೀಗೇ ಆದರೆ ಇನ್ನು ಹೆಂಗಸರನ್ನು ಕಳಿಸುವುದಿಲ್ಲ ಅಂದಿದ್ದರಂತೆ. ಗಂಡಸರಿಗೆ ದಿನಕ್ಕೆ ಹೆಚ್ಚು ಕೊಡಬೇಕು, ಮನೆಯವರ ಕೈಲಾಗದು.

ನಾನು ಮಾಡಿದ ಮೊದಲ ಕೆಲಸ ಒಂದು ನೂರು ಪುಟದ ನೋಟ್‌ಬುಕ್ ತಂದಿದ್ದು. ಎಷ್ಟು ಗಂಟೆ, ಯಾರಿದ್ದರು, ಅದಕ್ಕೆ ಐದು ನಿಮಿಷ ಮೊದಲು ಏನಾಯಿತು, ಆಮೇಲೆ ಯಾರು ಏನು ಮಾಡಿದರು. ‘ಅಸಭ್ಯವಾಗಿ ವರ್ತಿಸಿದರು’ ಅಂತ ಬರೆಯುವ ಹಾಗಿಲ್ಲ. ಕೈ ಎಲ್ಲಿ ಇಟ್ಟರು, ಏನಂದರು, ಅಷ್ಟನ್ನೇ ಬರೆಯಬೇಕು. ಸೊಸೆಗೆ ಇದು ಕಷ್ಟವಾಯಿತು, ಆದರೂ ಬರೆದಳು. ಒಂಬತ್ತು ದಿನದಲ್ಲಿ ಹನ್ನೊಂದು ಸಲ. ಅದರಲ್ಲಿ ಎಂಟು ಬೆಳಿಗ್ಗೆ ಆರೂವರೆಯಿಂದ ಏಳರೊಳಗೆ, ಮೈ ಒರೆಸುವ ಹೊತ್ತಿನಲ್ಲಿ. ಮೈ ಮುಟ್ಟದ ಹೊತ್ತಿನಲ್ಲಿ ಒಂದು ಸಲವೂ ಇಲ್ಲ.

ಮರುದಿನ ಆರೂವರೆಗೆ ಹೋಗಿ ಮೂಲೆಯಲ್ಲಿ ಕೂತೆ. ಹೊಸ ಮಾವಶಿ, ರತ್ನಾಗಿರಿ ಕಡೆಯವಳು, ಕೆಲಸದಲ್ಲಿ ಚುರುಕು. ಪರದೆ ಎಳೆದು, ಅರೆಬೆಳಕಿನಲ್ಲಿ, “ಚಲಾ ಆಜೋಬಾ, ಪ್ಯಾಂಟ್ ಕಾಢಾ” (ನಡೀರಿ ಅಜ್ಜ, ಪ್ಯಾಂಟ್ ತೆಗೀರಿ) ಅಂತ ಮರಾಠಿಯಲ್ಲಿ ಅಂದವಳೇ ಲಾಡಿಗೆ ಕೈ ಹಾಕಿದಳು. ಅಜ್ಜ ಅರೆನಿದ್ದೆಯಲ್ಲಿ ಕಣ್ಣು ಬಿಟ್ಟರು. ಮುಖ ಅರಳಿತು. ಕೈ ಚಾಚಿದರು. ಅವರ ಬಾಯಲ್ಲಿ ಬಂದದ್ದು ಹೋದ ವರ್ಷ ತೀರಿಕೊಂಡ ಹೆಂಡತಿಯ ಹೆಸರು.

ಸೊಸೆಯನ್ನು ಕೇಳಿದೆ, ಅಜ್ಜನಿಗೆ ಮರಾಠಿ ಬರುತ್ತದಲ್ಲವೇ? “ಫಸ್ಟ್‌ಕ್ಲಾಸ್ ಮಾತಾಡ್ತಿದ್ದರು, ಹಿಂದಿಯೂ. ಈಗ ಆರು ತಿಂಗಳಿಂದ ಊರ ಭಾಷೆ ಬಿಟ್ಟು ಬೇರೆ ಬರಲ್ಲ.” ಡಿಮೆನ್ಶಿಯಾದಲ್ಲಿ ಇದು ಹಲವರಿಗೆ ಆಗುತ್ತದೆ: ಆಮೇಲೆ ಕಲಿತ ಭಾಷೆ ಮೊದಲು ಹೋಗುತ್ತದೆ, ತಾಯಿಯ ಮಡಿಲಲ್ಲಿ ಕಲಿತದ್ದು ಕೊನೆಯವರೆಗೆ ನಿಲ್ಲುತ್ತದೆ. ನಸುಗತ್ತಲು, ಹಾಸಿಗೆ, ಒಬ್ಬ ಹೆಂಗಸು, ಅವಳ ಮಾತು ತಿಳಿಯುತ್ತಿಲ್ಲ, ಅವಳ ಕೈ ಲಾಡಿಯ ಮೇಲೆ. ಐವತ್ತು ವರ್ಷ ಸಂಸಾರ ಮಾಡಿದ ಗಂಡಸು ಅದಕ್ಕೆ ಯಾವ ಅರ್ಥ ಕಟ್ಟಬೇಕು?

ಮಾವಶಿಗೆ ಕುಂದಾಪುರದ ನಾಲ್ಕು ಮಾತು ಕಲಿಸಿದೆವು. ನನ್ನದು ಧಾರವಾಡದ ಕನ್ನಡ, ಅದೂ ಉಪಯೋಗಕ್ಕಿಲ್ಲ, ಸೊಸೆಯೇ ಹೇಳಿಕೊಟ್ಟಳು. ‘ಬಿಸ್ನೀರ್ ಕಾದಿತ್ತ್, ಮೀವ’ (ಬಿಸಿನೀರು ಕಾದಿದೆ, ಸ್ನಾನ ಮಾಡೋಣ) ಅನ್ನುವುದು ಮೊದಲನೆಯದು. ಅವಳು ಅಂಗೈ ಮೇಲೆ ದೇವನಾಗರಿಯಲ್ಲಿ ಬರೆದುಕೊಂಡಳು. ಉಳಿದದ್ದೆಲ್ಲ ಸಣ್ಣ ಬದಲಾವಣೆ. ಮೊದಲು ಕಿಟಕಿ ಪರದೆ ಸರಿಸಿ ಬೆಳಕು. ಚಹಾ ಕುಡಿದು ಪೂರ್ತಿ ಎಚ್ಚರಾದ ಮೇಲೆ, ಎಂಟು ಗಂಟೆಗೆ ಸ್ನಾನ. ಹಾಸಿಗೆಯಲ್ಲಿ ಬೇಡ, ಬಾತ್‌ರೂಮಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಸೀರೆಯ ಮೇಲೆ ನೀಲಿ ಏಪ್ರನ್, ಕೆಲಸದವಳು ಅಂತ ಕಣ್ಣಿಗೇ ತಿಳಿಯುವ ಹಾಗೆ. ಎದುರಿಗೆ ಬಗ್ಗದೆ ಪಕ್ಕದಲ್ಲಿ ನಿಲ್ಲುವುದು. ಅಜ್ಜನ ಒಂದು ಕೈಗೆ ಚೊಂಬು, ಇನ್ನೊಂದಕ್ಕೆ ಸೋಪು ಹಚ್ಚಿದ ಬಟ್ಟೆ. ತೊಡೆ ಸಂದಿಯನ್ನು ಅವರೇ ತೊಳೆದುಕೊಳ್ಳಲಿ, ಅರ್ಧಂಬರ್ಧವಾದರೂ ಅಡ್ಡಿಯಿಲ್ಲ.

ಮುಂದಿನ ಮೂರು ವಾರದಲ್ಲಿ ಎರಡೇ ಸಲ ಹಾಗಾಯಿತು. ಪೂರ್ತಿ ನಿಲ್ಲಲಿಲ್ಲ, ನಿಲ್ಲುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಆಗ ಏನು ಮಾಡಬೇಕು ಅಂತಲೂ ಮಾವಶಿಗೆ ಹೇಳಿದ್ದೆ. ನಗಬೇಡ, ನಕ್ಕರೆ ಒಪ್ಪಿಗೆ ಅಂತ ತಿಳಿಯುತ್ತಾರೆ. ಕೂಗಬೇಡ, ಹೆದರಿದರೆ ಹಿಡಿತ ಗಟ್ಟಿಯಾಗುತ್ತದೆ. ‘ಬೇಡ’ ಅಂತ ಒಂದೇ ಮಾತು, ಕೈ ಬಿಡಿಸಿಕೊಂಡು ಟವೆಲ್ ಹೊದಿಸಿ, ಬೀಳದ ಹಾಗೆ ಕೂರಿಸಿ, ಮನೆಯವರನ್ನು ಕರೆದು ಹೊರಗೆ ಬಾ. ಹತ್ತು ನಿಮಿಷ ಬಿಟ್ಟು ಹೋಗು. ಅವರಿಗೆ ನೆನಪಿರುವುದಿಲ್ಲ. ನಿನಗಿರುತ್ತದೆ, ಅದನ್ನು ಇಟ್ಟುಕೊಳ್ಳಬೇಡ, ನನಗೆ ಫೋನ್ ಮಾಡು.

ಈ ಕೊನೆಯ ಮಾತನ್ನು ಎಷ್ಟೋ ಮನೆಯವರು ಒಪ್ಪುವುದಿಲ್ಲ. ‘ಕಾಯಿಲೆ ಮನುಷ್ಯ, ಸ್ವಲ್ಪ ಸಹಿಸಿಕೊಳ್ಳಬೇಕಪ್ಪ’ ಅನ್ನುತ್ತಾರೆ. ಸಹಿಸಿಕೊಳ್ಳಬೇಕಾದವಳು ಹನ್ನೆರಡು ತಾಸಿನ ಕೆಲಸಕ್ಕೆ ಲೋಕಲ್ ರೈಲಿನಲ್ಲಿ ನಿಂತು ಬಂದವಳು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಒಂದು ಮನೆಯಲ್ಲಿ ಹಿರಿಯರು ಹೆಂಡತಿ ತರಕಾರಿಗೆ ಇಳಿದ ಹೊತ್ತಿಗೆ ಮಾತ್ರ ಹುಡುಗಿಯ ಕೈ ಹಿಡಿಯುತ್ತಿದ್ದರು, ಲಿಫ್ಟ್ ಸದ್ದಾದರೆ ಪೇಪರ್ ಓದುತ್ತಿದ್ದರು. ಮನೆಯವರು ‘ಮರೆವು’ ಅಂದರು. ಡಾಕ್ಟರು ಪರೀಕ್ಷಿಸಿದಾಗ ನೆನಪೂ ಬುದ್ಧಿಯೂ ಚೊಕ್ಕವಾಗಿದ್ದವು. ಅಲ್ಲಿ ನೋಟ್‌ಬುಕ್ ಇಡಲಿಲ್ಲ, ಹುಡುಗಿಯನ್ನು ಅವತ್ತೇ ಕರೆದುಕೊಂಡು ಬಂದೆ.

ಮಿದುಳಿನ ಮುಂಭಾಗ ಸವೆದರೆ ‘ಇದನ್ನು ಮಾಡಬಾರದು’ ಎಂದು ತಡೆಯುವ ಶಕ್ತಿ ಹೋಗುತ್ತದೆ. ಹೀಗೆ ಮುಂಭಾಗದಿಂದಲೇ ಶುರುವಾಗುವ ಫ್ರಂಟೋಟೆಂಪೊರಲ್ ಡಿಮೆನ್ಶಿಯಾದಲ್ಲಿ ಮರೆವಿಗಿಂತ ಮೊದಲೇ ನಡತೆ ಕೆಡಬಹುದು, ಅದೂ ಐವತ್ತು-ಅರುವತ್ತರ ವಯಸ್ಸಿಗೇ. ಹಾಗಂತ ಎಲ್ಲವನ್ನೂ ಮಿದುಳಿನ ಮೇಲೆ ಹಾಕಿ ಸುಮ್ಮನಾಗುವಂತಿಲ್ಲ. ಮುಲುಂಡಿನ ಒಬ್ಬ ಅಜ್ಜಿ ಹಾಲ್‌ನಲ್ಲಿ ನೆಂಟರ ಎದುರೇ ಸೀರೆ ಎತ್ತುತ್ತಿದ್ದರು. ಮಕ್ಕಳು ಅವರನ್ನು ಒಳಕೋಣೆಯಲ್ಲಿ ಕೂಡಿಹಾಕಿದ್ದರು. ನೋಡಿದರೆ ಡಯಾಪರಿನ ಅಂಚಿಗೆಲ್ಲ ಕೆಂಪು ಹುಣ್ಣು, ಮೂತ್ರದಲ್ಲಿ ಸೋಂಕು. ಉರಿಯುತ್ತಿತ್ತು, ಹೇಳಲು ಮಾತಿರಲಿಲ್ಲ, ಅಷ್ಟೇ.

ಠಾಣೆಯಲ್ಲಿ ಪಾರ್ಕಿನ್ಸನ್ ಇದ್ದ ಒಬ್ಬರ ಹೆಂಡತಿ, ಅರುವತ್ತೆಂಟರವರು, ನಾಲ್ಕು ತಿಂಗಳಿಂದ ಅಡಿಗೆಮನೆಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದರು. ಕಾರಣ ಮಕ್ಕಳಿಗೂ ಹೇಳಿರಲಿಲ್ಲ. ನಾನು ನೇರವಾಗಿ, “ರಾತ್ರಿ ತೊಂದರೆ ಕೊಡ್ತಾರಾ ಮಾಮಿ?” ಅಂದೆ. ಅತ್ತುಬಿಟ್ಟರು. ಮಾತ್ರೆಗಳ ಡಬ್ಬಿ ತೆಗೆದು ನೋಡಿದರೆ ಪಾರ್ಕಿನ್ಸನ್‌ಗೆ ಕೊಡುವ ಪ್ರಮಿಪೆಕ್ಸೋಲ್, ಶುರುವಾದದ್ದು ಐದು ತಿಂಗಳ ಹಿಂದೆ. ಈ ಗುಂಪಿನ ಮಾತ್ರೆ ಕೆಲವರಲ್ಲಿ ಕಾಮದ ಬಯಕೆಯನ್ನೂ, ಜೂಜು-ಖರೀದಿಯ ಹುಚ್ಚನ್ನೂ ಕೆರಳಿಸುವುದು ನರರೋಗ ವೈದ್ಯರಿಗೆಲ್ಲ ಗೊತ್ತು. ಯಾರಾದರೂ ಹೇಳಬೇಕು, ಅಷ್ಟೇ. ಡಾಕ್ಟರು ಮೆಲ್ಲಗೆ ಪ್ರಮಾಣ ಇಳಿಸಿದರು. ನಾವಾಗಿಯೇ ತಟ್ಟನೆ ನಿಲ್ಲಿಸುವುದು ಅಪಾಯ. ಅದೇ ರೀತಿ, ‘ಶಾಂತವಾಗಲಿ’ ಅಂತ ಮಂಪರು ತರಿಸುವ ಮಾತ್ರೆ ಕೇಳುವುದಕ್ಕೂ ಅವಸರ ಬೇಡ. ಡಿಮೆನ್ಶಿಯಾ ಇರುವ ವೃದ್ಧರಲ್ಲಿ, ಇದಕ್ಕಾಗಿ ಕೊಡುವ ಮನೋವಿಕಾರದ ಔಷಧಗಳು (ಆ್ಯಂಟಿಸೈಕೋಟಿಕ್) ಸಾವಿನ ಸಂಭವ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಿಂದಲೇ ಎಚ್ಚರಿಸುತ್ತ ಬಂದಿದ್ದಾರೆ. ಕೆಲವೊಮ್ಮೆ ಬೇಕಾಗುತ್ತದೆ, ಆದರೆ ಕೊನೆಗೆ, ವೈದ್ಯರ ಕಣ್ಣೆದುರು.

ಒಂದು ಕೋಣೆ, ಒಂದು ಅಡಿಗೆಮನೆಯ ‘ಒನ್ ರೂಮ್ ಕಿಚನ್ನಿ’ನಲ್ಲಿ ಏಕಾಂತ ಅನ್ನುವುದೇ ಇಲ್ಲ. ಅಜ್ಜನ ಮಂಚ ಹಾಲ್‌ನಲ್ಲಿ, ಟಿವಿಯ ಎದುರು. ಒಬ್ಬರೇ ಇದ್ದಾಗ ಹೊದಿಕೆಯ ಕೆಳಗೆ ಕೈ ಆಡಿಸಿಕೊಂಡರೆ ಅದು ಯಾರಿಗೂ ಮಾಡಿದ ತಪ್ಪಲ್ಲ. ಮಂಚದ ಸುತ್ತ ಸರಳು ಹಾಕಿ ಪರದೆ ಬಿಡಿ ಅಂತ ಹೇಳುತ್ತೇನೆ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ನನ್ನ ಮಾತು ಕಡ್ಡಿ ಮುರಿದಂತೆ: ಆ ಸ್ಥಿತಿಯ ಅಜ್ಜನ ಜೊತೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅರ್ಧ ಗಂಟೆಗೂ ಬೇಡ. ಡೊಂಬಿವಲಿಯ ಮಗನಿಗೆ ಇದನ್ನು ಹೇಳಿದಾಗ ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಪರದೆಯ ಸರಳಿನ ಅಳತೆ ಕೇಳಿದ.

ಆ ಅಜ್ಜ ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಮಾವಶಿ ಕೊನೆಯವರೆಗೂ ಅಲ್ಲೇ ಇದ್ದಳು. ಈಗ ಮಾಟುಂಗದಲ್ಲಿ ಒಂದು ತಮಿಳರ ಮನೆಗೆ ಹೋಗುತ್ತಾಳೆ. ಮೊದಲ ದಿನವೇ ಮೆಟ್ಟಿಲಿನಿಂದ ಫೋನ್: “ಸಿಸ್ಟರ್, ಬಿಸಿನೀರಿಗೆ ತಮಿಳಲ್ಲಿ ಏನಂತಾರೆ?” ನನಗೂ ಗೊತ್ತಿರಲಿಲ್ಲ. ತಡಿ ಅಂತ ಹೇಳಿ, ಕೆಳಗೆ ಇಡ್ಲಿ ಮಾರುವವನನ್ನು ಕೇಳಲು ಇಳಿದೆ.