ಸ್ವಿಚ್ ಕೀಲಿ ಫೈಲು: ಕೀಲಿಗಿಂತ ಮೊದಲು ಹೆಸರು ನೋಡಿ

ನಿಂಟೆಂಡೊ ಸ್ವಿಚ್ ಎಂಬ ಆಟದ ಕನ್ಸೋಲ್‌ನ ಎನ್‌ಸಿಎ ಫೈಲುಗಳನ್ನು (ಆಟ ಮತ್ತು ಸಿಸ್ಟಮ್‌ನ ಬೀಗ ಹಾಕಿದ ಫೈಲುಗಳು), ಅವನ್ನು ಬಿಚ್ಚುವ ಹ್ಯಾಕ್‌ಟೂಲ್ ಎಂಬ ತಂತ್ರಾಂಶದಲ್ಲಿ ತೆರೆಯಲು ಹೊರಟವರು "ಕೀಲಿ ತಪ್ಪಂತೆ" ಎಂದು ನನ್ನ ಬಳಿ ಬಂದರೆ, ನಾನು ಕೀಲಿಯತ್ತ ಕಣ್ಣು ಹಾಯಿಸುವುದು ಕೊನೆಗೆ. ಮೊದಲು ಫೈಲಿನ ಹೆಸರು. ವಿಂಡೋಸ್ ಎಕ್ಸ್‌ಟೆನ್ಶನ್ ಮುಚ್ಚಿಡುತ್ತದೆ. ಕೀಲಿಗಳಿರುವ ಫೈಲು ‘ಪ್ರಾಡ್ ಡಾಟ್ ಕೀಸ್’ ಎಂದು ಕಂಡರೂ ಅದರ ಹಿಂದೆ ‘ಡಾಟ್ ಟಿಎಕ್ಸ್‌ಟಿ’ ಅಡಗಿರುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಎಕ್ಸ್‌ಟೆನ್ಶನ್ ತೋರಿಸುವಂತೆ ಮಾಡಿ, ಆ ಬಾಲ ಕತ್ತರಿಸಿ.

ಜಾಗವೂ ಗೊತ್ತುಪಡಿಸಿದ್ದೇ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಮೊದಲ ಅಕ್ಷರಕ್ಕೂ ಮುಂಚೆ ಚುಕ್ಕಿ ಇರುವ ‘ಡಾಟ್ ಸ್ವಿಚ್’ ಎಂಬ ಫೋಲ್ಡರ್ ಇರಬೇಕು, ಕೀಲಿ ಫೈಲು ಅದರೊಳಗೆ. ವಿಂಡೋಸ್‌ನಲ್ಲಾದರೆ ಬಳಕೆದಾರರ ಹೆಸರಿನ ಫೋಲ್ಡರೇ ಹೋಮ್. ಲಿನಕ್ಸ್‌ನಲ್ಲಿ ಚುಕ್ಕಿಯ ಫೋಲ್ಡರ್ ಮರೆಯಾಗಿರುತ್ತದೆ. ಕಾಣುತ್ತಿಲ್ಲವೆಂದು ಇನ್ನೊಂದನ್ನು ಸೃಷ್ಟಿಸಬೇಡಿ. ಬೇರೆಡೆ ಇಡಲೇಬೇಕೆಂದರೆ ಹೈಫನ್ ಮತ್ತು ಕೆ ಅಕ್ಷರದ ಆಯ್ಕೆಯೊಂದಿಗೆ ದಾರಿ ತೋರಿಸಬಹುದು.

ಕೀಲಿಗಳನ್ನು ನಿಮ್ಮದೇ ಕನ್ಸೋಲ್‌ನಿಂದ ತೆಗೆಯಿರಿ. ಜಾಲದಲ್ಲಿ ಬಿದ್ದಿರುವ ಫೈಲಿನಲ್ಲಿ ಯಾರು ಏನು ತಿದ್ದಿದ್ದಾರೋ ಬಲ್ಲವರಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ, ಡಿಜಿಟಲ್ ಬೀಗ ಮುರಿಯುವುದರ ಕುರಿತ 65ಎ ಕಲಮನ್ನೂ ಒಮ್ಮೆ ಓದಿಕೊಳ್ಳಿ.

ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ, ವರ್ಡ್‌ನಲ್ಲಲ್ಲ. ಸಾಲಿಗೊಂದು ಕೀಲಿ: ಹೆಸರು, ಸಮ ಚಿಹ್ನೆ, ಹೆಕ್ಸ್ ಅಂಕಿಗಳು (0ರಿಂದ 9, ಎಯಿಂದ ಎಫ್). ಇತರ ಕೀಲಿಗಳನ್ನು ಹುಟ್ಟಿಸುವ ಮಾಸ್ಟರ್ ಕೀಗೆ 32 ಅಂಕಿ, ಫೈಲಿನ ತಲೆಭಾಗ ಬಿಚ್ಚುವ ಹೆಡರ್ ಕೀಗೆ 64. ನಕಲು ಮಾಡುವಾಗ ಸಾಲು ಮುರಿದು ಅರ್ಧ ಕೀಲಿ ಕೆಳಗಿಳಿದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಮಾಸ್ಟರ್ ಕೀಗಳ ಕ್ರಮಸಂಖ್ಯೆಯೂ ಹೆಕ್ಸ್‌ನಲ್ಲೇ ಇದೆ: 09ರ ನಂತರ 0ಎ ಬರುತ್ತದೆ, 10 ಅಲ್ಲ. ನಡುವೆ ಸಾಲು ಕಳೆದುಹೋಗಿದೆ ಎಂದು ಗಾಬರಿಪಡುವವರು ಇದನ್ನು ಗಮನಿಸಬೇಕು.

ಈಗ ಒಂದು ಎನ್‌ಸಿಎ ಫೈಲನ್ನು ಹ್ಯಾಕ್‌ಟೂಲ್‌ಗೆ ಕೊಡಿ. ಟೈಟಲ್ ಐಡಿ, ಕಂಟೆಂಟ್ ಟೈಪ್ ಮೂಡಿದರೆ ಹೆಡರ್ ಕೀ ಸರಿಯಿದೆ. ಹೆಡರ್ ಅಮಾನ್ಯ ಎಂದರೆ ಆ 64 ಅಂಕಿಗಳತ್ತಲೇ ಹೋಗಿ. ಹೆಡರ್ ಓದಿಸಿಕೊಂಡು ಒಳಗಿನದು ಬಿಚ್ಚಿಕೊಳ್ಳದಿದ್ದರೆ, ಆ ಪೀಳಿಗೆಯ (ಕೆಲವು ಫರ್ಮ್‌ವೇರ್ ನವೀಕರಣಗಳೊಂದಿಗೆ ಹೊಸದಾಗಿ ಬರುವ) ಮಾಸ್ಟರ್ ಕೀ ನಿಮ್ಮ ಕೀಲಿ ಫೈಲಿನಲ್ಲಿಲ್ಲ. ಅಥವಾ ಆಟಕ್ಕೆ ಪ್ರತ್ಯೇಕ ಟೈಟಲ್ ಕೀ ಬೇಕು. ಅದು ‘ಟೈಟಲ್ ಡಾಟ್ ಕೀಸ್’ ಎಂಬ ಫೈಲಿನಲ್ಲಿ, ಅದೇ ಫೋಲ್ಡರ್‌ನಲ್ಲಿ ಇರಬೇಕು.

ಬಿಐಎಸ್ ಕೀಗಳ (ಕನ್ಸೋಲ್‌ನ ಒಳಸಂಗ್ರಹದ ಕೀಲಿಗಳು) ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಮಾಸ್ಟರ್ ಕೀ ಎಲ್ಲ ಕನ್ಸೋಲ್‌ಗಳಿಗೂ ಒಂದೇ. ಬಿಐಎಸ್ ಕೀ ನಿಮ್ಮ ಯಂತ್ರಕ್ಕೆ ಮಾತ್ರ ಸೇರಿದ್ದು, ಒಳಸಂಗ್ರಹದ ಪ್ರತಿಯನ್ನು ಬಿಚ್ಚಲು ಅದೇ ಬೇಕು. ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಡಿ. ಲಿನಕ್ಸ್‌ನಲ್ಲಿ ಫೈಲಿಗೆ 600 ಅನುಮತಿ (ಮಾಲೀಕರಷ್ಟೇ ಓದಿ ಬರೆಯುವಂತೆ) ಸಾಕು.

ಫರ್ಮ್‌ವೇರ್ ನವೀಕರಿಸಿದ ಮೇಲೆ ಹೊಸ ಪೀಳಿಗೆಯ ಕೀಲಿ ಬಂದಿದ್ದರೆ ಮತ್ತೆ ತೆಗೆಯಿರಿ. ಹಳೆಯ ಸಾಲುಗಳನ್ನು ಅಳಿಸಬೇಡಿ, ಹಳೆಯ ಆಟಗಳು ಅವನ್ನೇ ಕೇಳುತ್ತವೆ.