ಹಳೆ ಕಾರಿನ ಒಳಗಿನ ಪ್ಲಾಸ್ಟಿಕ್ ಗೀರು: ಮೊದಲು ಬಿಸಿ, ಕೊನೆಗೆ ಪಾಲಿಶ್ ಪೇಪರ್

ಇಂಡಿಯಿಂದ ವಿಜಯಪುರಕ್ಕೆ ನಿಂಬೆಹಣ್ಣಿನ ಕ್ರೇಟ್ ಹೇರಿದ ಹಳೆ ವ್ಯಾಗನ್ ಆರ್. ಡಿಕ್ಕಿಯ ಪಕ್ಕದ ಪ್ಯಾನೆಲ್ ತುಂಬ ಬಿಳಿ ಗೀರು, ಡೋರ್ ಪ್ಯಾಡಿನ ಕೆಳಗೆ ಚಪ್ಪಲಿ ತಾಗಿದ ಒರಸು, ಹ್ಯಾಂಡಲ್ ಹತ್ತಿರ ಎರಡು ಆಳವಾದ ಕಚ್ಚು. ಇಂಥದ್ದು ಕಂಡ ಕೂಡಲೇ ಪಾಲಿಶ್ ಪೇಪರ್ ಹಿಡಿಯಬೇಡಿ. ಚರ್ಮದ ಹಾಗೆ ಕಾಣುವ ಗ್ರೇನ್ ಸವೆದು ನುಣುಪು ಕಲೆ ಉಳಿಯುತ್ತದೆ, ಅದು ಗೀರಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ಪ್ಯಾನೆಲ್ ಬಿಚ್ಚಿಯೇ ಕೆಲಸ ಮಾಡುತ್ತೇನೆ. ಸ್ಕ್ರೂ ತೆಗೆದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್ಪಿನ ಪಕ್ಕದಲ್ಲೇ ಎತ್ತಬೇಕು, ನಡುವೆ ಎತ್ತಿದರೆ ಕ್ಲಿಪ್ ಕೂರುವ ಬುಡವೇ ಕಿತ್ತು ಬರುತ್ತದೆ. ಬಿಸಿಲು ಉಂಡ ಹಳೆ ಕ್ಲಿಪ್ ಮುರಿಯುವುದು ಖಾತ್ರಿ, ನಾಲ್ಕೈದು ಹೊಸವು ಮೊದಲೇ ತಂದಿಡಿ. ಏರ್‌ಬ್ಯಾಗ್ ಇರುವ ಮುಚ್ಚಳಕ್ಕೆ ಬಿಸಿಯನ್ನಾಗಲಿ ಬಣ್ಣವನ್ನಾಗಲಿ ತಾಗಿಸಲೇಬೇಡಿ.

ಪ್ಯಾನೆಲ್ ಹಿಂದೆ ಪ್ಲಾಸ್ಟಿಕ್ಕಿನ ಹೆಸರು ಅಚ್ಚಾಗಿರುತ್ತದೆ, ಹೆಚ್ಚಾಗಿ ಪಿಪಿ (ಪಾಲಿಪ್ರೊಪಿಲೀನ್) ಇಲ್ಲವೇ ಎಬಿಎಸ್ ಎಂಬ ಇನ್ನೊಂದು ಪ್ಲಾಸ್ಟಿಕ್. ನೀರಿನಲ್ಲಿ ತೇಲಿದರೆ ಪಿಪಿ ಎನ್ನುವ ಪರೀಕ್ಷೆ ನಂಬಬೇಡಿ. ಶೇ 20 ಟಾಲ್ಕ್ (ಬಿಳಿ ಖನಿಜದ ಪುಡಿ) ಬೆರೆಸಿದ ಪಿಪಿ ಕೂಡ ಮುಳುಗುತ್ತದೆ. ಗೀರು ಬೆಳ್ಳಗೆ ಕಾಣುವುದಕ್ಕೆ ಈ ಟಾಲ್ಕ್ ಒಂದು ಕಾರಣ, ಗೀರಿನ ಅಂಚು ಎದ್ದು ನಿಂತಿರುವುದು ಇನ್ನೊಂದು.

ಶಾಂಪೂ ನೀರು, ಮೆತ್ತನೆ ಬ್ರಷ್ಷಿನಿಂದ ಗ್ರೇನಿನೊಳಗಿನ ಎರೆಮಣ್ಣಿನ ಧೂಳು ಪೂರಾ ತೆಗೆಯಿರಿ. ಬಿಸಿ ತಾಗಿದರೆ ಅದು ಪ್ಲಾಸ್ಟಿಕ್ಕಿನಲ್ಲೇ ಹೂತುಹೋಗುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ಎರಡು ಸಲ ಒರೆಸಿ, ಹಳೆ ಪಾಲಿಶಿನ ಸಿಲಿಕೋನ್ ಹೋಗಬೇಕು. ಅಸಿಟೋನ್ ಬೇಡ, ಎಬಿಎಸ್ ಕರಗುತ್ತದೆ.

ಬಿಸಿ ಗಾಳಿ ಊದುವ ಹೀಟ್ ಗನ್ 250 ಡಿಗ್ರಿಗೆ ಇಟ್ಟು, 10–12 ಸೆಂ.ಮೀ ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತೇನೆ. ಬಿಳಿ ಮಾಯವಾಗಿ ಮೇಲ್ಮೈ ಹೊಳೆಯಲು ಶುರುವಾದ ಕ್ಷಣಕ್ಕೆ ಗನ್ ತೆಗೆಯಬೇಕು. ಇನ್ನೆರಡು ಸೆಕೆಂಡ್ ಹೆಚ್ಚಾದರೂ ಗ್ರೇನ್ ಕರಗಿ ಚಪ್ಪಟೆ. ಪಿಪಿ ಕರಗುವುದು ಸುಮಾರು 165 ಡಿಗ್ರಿಗೆ. ಎಬಿಎಸ್ 100ರ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಅದಕ್ಕೆ ದೂರ ಹೆಚ್ಚಿಸಿ. ತಣ್ಣೀರು ಬಟ್ಟೆ ಇಡಬೇಡಿ, ಪ್ಯಾನೆಲ್ ಸೊಟ್ಟಗಾಗುತ್ತದೆ. ಒರಸು ಮತ್ತು ತೆಳು ಗೀರು ಇಷ್ಟಕ್ಕೇ ಹೋಗುತ್ತವೆ.

ಕಚ್ಚಿಗೆ ಕೆಲಸ ಬೇರೆ. ಬಾಡಿ ಪುಟ್ಟಿ ಪಿಪಿಗೆ ಹಿಡಿಯುವುದಿಲ್ಲ, ಸಿಪ್ಪೆಯಾಗಿ ಉದುರುತ್ತದೆ. ಅದೇ ಪ್ಯಾನೆಲಿನ ಹಿಂಬದಿಯ, ಕೆಲಸಕ್ಕೆ ಬಾರದ ಏಣಿನಿಂದ ಒಂದು ಚೂರು ಕತ್ತರಿಸಿ, ಸೋಲ್ಡರಿಂಗ್ ಐರನ್‌ನಿಂದ ಕಚ್ಚಿನ ತಳವನ್ನೂ ಚೂರನ್ನೂ ಒಟ್ಟಿಗೆ ಕರಗಿಸಿ ತುಂಬಿ. ಉಬ್ಬನ್ನು ಬ್ಲೇಡಿನಿಂದ ಕೆರೆದು ಮಟ್ಟ ಮಾಡಿ. ಪಿಪಿಯನ್ನು ಒಣಗಿದ್ದಾಗಲೇ ಉಜ್ಜಿದರೆ ನೂಲು ನೂಲಾಗಿ ಏಳುತ್ತದೆ. ಕೊನೆಗೆ ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, 600 ನಂಬರ್ ಪೇಪರ್ ನೀರಿನಲ್ಲಿ ಅದ್ದಿ, ತುಂಬಿದ ಜಾಗದ ಮೇಲೆ ಮಾತ್ರ.

ಈಗ ಗ್ರೇನ್ ಮರಳಿ ಬರಬೇಕು. ಇದಕ್ಕೆ ಹಲ್ಲಿನ ಅಳತೆ ತೆಗೆಯುವ ಸಿಲಿಕೋನ್ ಪುಟ್ಟಿಗಿಂತ ಒಳ್ಳೆಯದು ನಾನು ಕಂಡಿಲ್ಲ, ದಂತ ಸಾಮಾನಿನ ಅಂಗಡಿಯಲ್ಲಿ ಎರಡು ಡಬ್ಬಿಗಳ ಜೋಡಿಯಾಗಿ ಸಿಗುತ್ತದೆ. ಎರಡೂ ಡಬ್ಬಿಯಿಂದ ಸಮಪಾಲು ತೆಗೆದು ಅರ್ಧ ನಿಮಿಷ ನಾದಿ, ಗೀರಿಲ್ಲದ ಜಾಗದ ಮೇಲೆ 4 ಮಿ.ಮೀ ದಪ್ಪಕ್ಕೆ ಒತ್ತಿ, ಸುಮಾರು ಐದು ನಿಮಿಷ ಬಿಡಿ. ಲೇಟೆಕ್ಸ್ ಕೈಗವಸು ಹಾಕಿ ನಾದಿದರೆ ಅದರಲ್ಲಿನ ಗಂಧಕದಿಂದ ಪುಟ್ಟಿ ಗಟ್ಟಿಯಾಗುವುದೇ ಇಲ್ಲ. ತುಂಬಿದ ಜಾಗ ಬಿಸಿ ಮಾಡಿ, ಹೊಳಪು ಬಂದಾಗ ಈ ಅಚ್ಚನ್ನು ನೇರವಾಗಿ ಒತ್ತಿ, ತಣ್ಣಗಾಗುವವರೆಗೆ ಅಲುಗಿಸದೆ ಹಿಡಿಯಿರಿ. ಒಂದೇ ಸಲ ಹೆಚ್ಚು ಬಿಸಿ ಮಾಡುವುದಕ್ಕಿಂತ ಎರಡು ಮೂರು ಸಲ ಒತ್ತುವುದು ಲೇಸು.

ಬಣ್ಣದ ವ್ಯತ್ಯಾಸ ಉಳಿದರೆ ಮಾತ್ರ ಸ್ಪ್ರೇ, ಅದೂ ಇಡೀ ಪ್ಯಾನೆಲಿಗೆ. ಪಿಪಿ ಹಿಡಿಯುವ ಪ್ಲಾಸ್ಟಿಕ್ ಪ್ರೈಮರ್ ಒಂದು ತೆಳು ಕೈ, ಮೇಲೆ ಮ್ಯಾಟ್ ಬಣ್ಣ ಮೂರು ತೆಳು ಕೈ, 25 ಸೆಂ.ಮೀ ದೂರದಿಂದ, ನಡುವೆ ಹತ್ತು ನಿಮಿಷ. ನಮ್ಮ ಕಡೆ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಹೊಡೆದರೆ ಹನಿ ಗಾಳಿಯಲ್ಲೇ ಒಣಗಿ ಮರಳು ಉದುರಿಸಿದಂತೆ ಕೂರುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತು, ಗಾಳಿ ಏಳುವ ಮುಂಚೆ ಮುಗಿಸಿ. ಒಂದು ದಿನ ಪೂರ್ತಿ ಒಣಗಿಸಿಯೇ ಕ್ಲಿಪ್ ಹಾಕಿ ಕೂರಿಸಿ.